ಹರಿದ ಜೀನ್ಸ್‌ಗೆ ಯಾಕಿಷ್ಟು ದುಡ್ಡು?

ಪ್ರಶ್ನೆ: ಮಗ ಮೊನ್ನೆ ಎರಡೂ ಮಂಡಿ ಹರಿದ ಜೀನ್ಸ್ ತಂದ. ಬೆಲೆ 3,200 ರೂಪಾಯಿ! ನಾವು ಹರಿದದ್ದಕ್ಕೆ ತೇಪೆ ಹಾಕಿ, ಯಾರಾದರೂ ನೋಡಿಯಾರು ಅಂತ ಸೆರಗಲ್ಲಿ ಮುಚ್ಚಿಕೊಂಡು ಓಡಾಡಿದವರು. ಈಗ ಹರಿದಿದ್ದಕ್ಕೇ ದುಡ್ಡು ಕೊಡ್ತಾರಲ್ಲ, ಇದು ಶುರುವಾಗಿದ್ದು ಹೇಗೆ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಜೀನ್ಸ್ ಶುರುವಾಗಿದ್ದೇ ಹರಿಯಬಾರದು ಅಂತ.

ಅಮೆರಿಕದ ನೆವಾಡಾದಲ್ಲಿ ರೆನೊ ಅಂತ ಒಂದು ಊರು. ಅಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. 1870ರ ಸುಮಾರಿಗೆ ಒಬ್ಬ ಹೆಂಗಸು ಅವನ ಅಂಗಡಿಗೆ ಬಂದು, ಮರ ಕಡಿಯುವ ತನ್ನ ಗಂಡನಿಗೆ ಗಟ್ಟಿಯಾದ ಪ್ಯಾಂಟ್ ಬೇಕು ಅಂದಳು. ದುಡಿಯುವವರ ಪ್ಯಾಂಟ್ ಮೊದಲು ಕಿತ್ತುಬರುವುದು ಜೇಬಿನ ಮೂಲೆಯಲ್ಲಿ, ಅಲ್ವಾ? ಡೇವಿಸ್ ಕುದುರೆ ಹೊದಿಕೆಗೆ ಬಡಿಯುವ ತಾಮ್ರದ ರಿವೆಟ್ಟನ್ನು, ಅಂದರೆ ಗುಂಡಿಯಂಥ ಮೊಳೆಯನ್ನು, ಆ ಮೂಲೆಗಳಿಗೆ ಬಡಿದುಕೊಟ್ಟ. ಪ್ಯಾಂಟ್ ಬಾಳಿಕೆ ಬಂತು, ಸುದ್ದಿ ಹಬ್ಬಿತು, ಗಿರಾಕಿಗಳು ಹೆಚ್ಚಾದರು. ಪೇಟೆಂಟ್ ಮಾಡಿಸಲು ಕೈಯಲ್ಲಿ ದುಡ್ಡಿರಲಿಲ್ಲ. ತನಗೆ ಬಟ್ಟೆ ಮಾರುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ಲೆವಿ ಸ್ಟ್ರಾಸ್‌ಗೆ ಪೇಟೆಂಟಿನ ಖರ್ಚು ಹಾಕಿಕೊಳ್ಳಿ ಅಂತ ಪತ್ರ ಬರೆದ. 1873ರ ಮೇ 20ಕ್ಕೆ ಪೇಟೆಂಟ್ ಸಿಕ್ಕಿತು. ನಿಮ್ಮ ಮಗನ ಜೀನ್ಸಿನ ಜೇಬಿನ ಮೂಲೆ ಮುಟ್ಟಿ ನೋಡಿ, ಆ ಗುಂಡಿ ಇನ್ನೂ ಇರುತ್ತದೆ.

ಗಣಿಯವರ, ದನಗಾಹಿಗಳ ಬಟ್ಟೆ ಸಿರಿವಂತರಿಗೆ ಅಂಟಿದ್ದು 1930ರ ದಶಕದಲ್ಲಿ. ಪೂರ್ವದ ನಗರಗಳ ಶ್ರೀಮಂತರು ರಜೆಗೆ ಪಶ್ಚಿಮದ, ದನ ಸಾಕುವ ರ‍್ಯಾಂಚ್‌ಗಳಿಗೆ ಹೋಗಿ, ಅಲ್ಲಿ ಹಾಕಿಕೊಂಡ ಜೀನ್ಸನ್ನೇ ಊರಿಗೆ ತಂದರು. ಆದರೂ ಮರ್ಯಾದೆ ಸುಲಭಕ್ಕೆ ಸಿಗಲಿಲ್ಲ. ಹೆಸರಾಂತ ಹಾಡುಗಾರ ಬಿಂಗ್ ಕ್ರಾಸ್ಬಿ 1951ರಲ್ಲಿ ಜೀನ್ಸ್ ಬಟ್ಟೆ ತೊಟ್ಟು ಕೆನಡಾದ ವ್ಯಾಂಕೂವರಿನ ಹೋಟೆಲಿಗೆ ಹೋದರೆ, ಮೊದಲು ರೂಮು ಕೊಡಲೇ ಇಲ್ಲ. ಆಮೇಲೆ ಲೆವಿಸ್ ಕಂಪನಿ ಅವನಿಗೆ ಅದೇ ಬಟ್ಟೆಯಲ್ಲಿ ಪಾರ್ಟಿ ಕೋಟು ಹೊಲಿಸಿಕೊಟ್ಟಿತು. ಜೇಮ್ಸ್ ಡೀನ್‌ನಂಥ ನಟರನ್ನು ನೋಡಿ ಹುಡುಗರು ಹಾಕಿದರು, ಶಾಲೆಗಳು ಬೇಡ ಅಂದವು, ಬೇಡ ಅಂದಿದ್ದಕ್ಕೇ ಇನ್ನೂ ಹಾಕಿದರು. ಬೇಕಂತಲೇ ಹರಿದುಕೊಳ್ಳುವುದನ್ನು 1970ರ ದಶಕದಲ್ಲಿ ಪಂಕ್ ಎಂಬ ಅಬ್ಬರದ ಸಂಗೀತದ ಹುಚ್ಚಿನ ಹುಡುಗ ಹುಡುಗಿಯರು ಜೋರು ಮಾಡಿದರು.

ನಿಮ್ಮ ಕಾಲದಲ್ಲಿ ಹರಿದದ್ದು ಹಾಕಿಕೊಂಡರೆ ಬೇರೆ ಇಲ್ಲ ಅಂತ ಅರ್ಥ. ನಿಮ್ಮ ಮಗನ ಬೀರುವಿನಲ್ಲಿ ಬೇರೆ ನಾಲ್ಕಿವೆ, ಅದು ನೋಡಿದವರಿಗೂ ಗೊತ್ತು. ಅದಕ್ಕೇ ಅವನಿಗೆ ನಾಚಿಕೆ ಇಲ್ಲ.

ಆ ಮಂಡಿಯನ್ನು ಹತ್ತಿರದಿಂದ ನೋಡಿ. ಅಡ್ಡಕ್ಕೆ ಬಿಳಿ ಎಳೆಗಳು ಜೋತಾಡುತ್ತಿರುತ್ತವೆ. ಈ ಬಟ್ಟೆಯಲ್ಲಿ ಹಾಸು (ಉದ್ದದ ಎಳೆ) ನೀಲಿ, ಹೊಕ್ಕು (ಅಡ್ಡ ಎಳೆ) ಬಿಳಿ. ಕಾರ್ಖಾನೆಯಲ್ಲಿ ನೀಲಿ ಎಳೆ ಕತ್ತರಿಸಿ, ಬಿಳಿ ಎಳೆ ಉಳಿಸುತ್ತಾರೆ. ಅದೂ ಒಬ್ಬರ ಕೆಲಸವೇ, ಅದಕ್ಕೂ ಕೂಲಿ ಇದೆ. ನನಗೆ ನಿಜಕ್ಕೂ ಸಂಕಟವಾಗುವುದು ಮಾಸಿದ ಹಾಗೆ ಕಾಣಿಸಲು ಮರಳು ಊದುತ್ತಿದ್ದ ಪದ್ಧತಿ ನೆನೆದಾಗ. ಟರ್ಕಿಯಲ್ಲಿ ಆ ಧೂಳು ಕುಡಿದ ಎಷ್ಟೋ ಎಳೆಯ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂತು, ಸತ್ತವರೂ ಇದ್ದಾರೆ. 2009ರಲ್ಲಿ ಅಲ್ಲಿ ಅದನ್ನು ನಿಷೇಧಿಸಿದರು. ಮಗನನ್ನು ಬೈಯಬೇಡಿ, ಇದನ್ನು ಮಾತ್ರ ಹೇಳಿ.

ಪ್ರಶ್ನೆ: ನಮ್ಮೂರಲ್ಲಿ ಎಷ್ಟೋ ಮನೆಗಳು ಜೀನ್ಸ್ ಹೊಲಿದೇ ಬದುಕುತ್ತಿವೆ. ನಾನೂ ಅದನ್ನೇ ಹಾಕುತ್ತೇನೆ. ಸೊಂಟದ ಹಿಂದೆ ದೊಡ್ಡ ಕಂಪನಿ ಪಟ್ಟಿ ಇಲ್ಲ ಅಂತ ಕಾಲೇಜಲ್ಲಿ ಆಡಿಕೊಳ್ಳುತ್ತಾರೆ.
- ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಆ ಪಟ್ಟಿಯ ಕಥೆ ಕೇಳಿ. ಲೆವಿಸ್‌ನವರು 1886ರಲ್ಲಿ ಒಂದು ಚಿತ್ರ ಹಾಕಿದರು, ಎರಡು ಕುದುರೆ ಎರಡು ಕಡೆ ಎಳೆದರೂ ಹರಿಯದ ಪ್ಯಾಂಟು. ಓದು ಬಾರದ ಕೂಲಿಯವನೂ ನೋಡಿ ಗುರುತು ಹಿಡಿಯಲಿ ಅಂತ. ಅದು ಗಟ್ಟಿತನದ ಮಾತಾಗಿತ್ತು. ಹಾಗಾಗಿ ನೀವೂ ಗಟ್ಟಿತನವನ್ನೇ ನೋಡಿ. ಪ್ಯಾಂಟನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ ತೊಡೆಯ ಹೊಲಿಗೆ ಎರಡು ಸಾಲಿದೆಯಾ, ಜೇಬಿನ ಬಟ್ಟೆ ದಪ್ಪ ಇದೆಯಾ ನೋಡಿ. ಅಂದ ಹಾಗೆ, ದುಡಿಮೆಯ ದಪ್ಪ ಬಟ್ಟೆಗೆ ಇಂಗ್ಲಿಷಿನವರು ಡಂಗರೀ ಅಂತಾರಲ್ಲ, ಆ ಹೆಸರು ಹೋಗಿದ್ದು ಮುಂಬೈನ ಡೋಂಗ್ರಿಯಿಂದ. ಆಡಿಕೊಳ್ಳುವ ಗೆಳೆಯರಿಗೆ ಇದನ್ನೂ ಹೇಳಿ.