ಸಲಿಂಗ ಜೋಡಿಯ ಮದುವೆಯನ್ನು ಬೆಂಗಳೂರಿನಲ್ಲಿ ನೋಂದಣಿ ಮಾಡಿಸಬಹುದೇ? ಕೋರ್ಟ್ ಒಪ್ಪಿದೆಯಲ್ಲವೇ?

ಸದ್ಯಕ್ಕೆ ಸಾಧ್ಯವಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಬಗ್ಗೆ 2018ರಲ್ಲಿ ಬಂದ ತೀರ್ಪನ್ನೇ ಮದುವೆಗೆ ಸಿಕ್ಕ ಒಪ್ಪಿಗೆ ಎಂದು ಅನೇಕರು ಭಾವಿಸಿದ್ದಾರೆ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಷ್ಟೇ ಅದು ಹೇಳಿತು. ಮದುವೆಯ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಅಕ್ಟೋಬರ್ 17ರಂದು ಉತ್ತರಿಸಿತು: ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಬದಲಿಸಬೇಕಾದದ್ದು ಶಾಸಕಾಂಗ. ಇದರಲ್ಲಿ ಐವರದೂ ಒಮ್ಮತ. ಸಹಜೀವನದ ಕಾನೂನು ಮಾನ್ಯತೆ ಮತ್ತು ದತ್ತು ವಿಷಯದಲ್ಲಿ ಮಾತ್ರ 3–2ರ ಭಿನ್ನಮತ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾಗೊಂಡವು.

ಹಾಗಾಗಿ ಜಯನಗರವಿರಲಿ, ಮಲ್ಲೇಶ್ವರವಿರಲಿ, ನೋಂದಣಿಗೆ ಹೋದರೆ ಎದುರಾಗುವುದು 1954ರ ವಿಶೇಷ ವಿವಾಹ ಕಾಯ್ದೆ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು ಎನ್ನುತ್ತದೆ ಅದರ 4ನೇ ಕಲಮು. ಇಬ್ಬರು ಹೆಣ್ಣುಮಕ್ಕಳ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ನಮ್ಮಲ್ಲಿ ವಾದವೆಲ್ಲ ಸಂಸ್ಕೃತಿಯ ಸುತ್ತಲೇ ನಡೆಯುತ್ತದೆ. ಪಿಂಚಣಿ, ವಾರಸುದಾರಿಕೆಯ ಮಾತು ಬರುವುದೇ ಇಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ. ತೈವಾನಿನ ಸಾಂವಿಧಾನಿಕ ನ್ಯಾಯಾಲಯ 2017ರಲ್ಲಿ ಎರಡು ವರ್ಷದ ಗಡುವು ಕೊಟ್ಟಿತು, 2019ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. ನಮ್ಮ ಕೋರ್ಟ್ ಕೂಡ ಹೀಗೆ ಮಾಡಬಹುದಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಜೊತೆಗೆ ಇಬ್ಬರೂ ವಿಲ್ ಬರೆದಿಡಿ. ಅದಿಲ್ಲದಿದ್ದರೆ, ಎಷ್ಟು ವರ್ಷ ಒಟ್ಟಿಗೆ ಬಾಳಿದ್ದರೂ ಆಸ್ತಿ ಹೋಗುವುದು ತೀರಿಕೊಂಡವರ ರಕ್ತಸಂಬಂಧಿಗಳಿಗೆ.