‘ಇಸಿ ತನ್ನಿ’ ಎಂದರೆ ಯಾವ ಇಸಿ?

ಓದುಗರ ಪತ್ರ: ‘ಸಾಲದ ಅರ್ಜಿಗೆ ಇಸಿ ತನ್ನಿ ಎಂದು ಬ್ಯಾಂಕಿನಲ್ಲಿ ಹೇಳಿದರು. ಮನೆಯಲ್ಲಿದ್ದ ಮಣ್ಣು ಆರೋಗ್ಯ ಚೀಟಿಯಲ್ಲಿ “ಇಸಿ 2.6” ಎಂದಿತ್ತು. ಮಗ ಅದನ್ನೇ ಒಯ್ದು ಕೊಟ್ಟು ನಗೆಪಾಟಲಾದ. ಔಷಧಿ ಬಾಟಲಿಯ ಮೇಲೂ ಇಸಿ. ನಿಮ್ಮ ಕಳೆದ ಸಂಚಿಕೆಯಲ್ಲಿ ಒಂದು ಪುಟದ ಇಸಿ ಚುನಾವಣಾ ಆಯೋಗ, ಮತ್ತೊಂದು ಪುಟದ್ದು ಕೀಟನಾಶಕ. ಇವಕ್ಕೆಲ್ಲ ನಂಟುಂಟೇ? ಮಣ್ಣಿನ ಇಸಿ ಜಾಸ್ತಿ ಇದೆ, ಜಿಪ್ಸಂ ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಲೇ? ಕೊನೆಗೂ ಬ್ಯಾಂಕಿನ ಇಸಿ ಸಿಕ್ಕಿತು, ಅದರಲ್ಲಿ “ನಮೂನೆ 16” ಎಂದಿದೆ. ಇನ್ನು ನಿಶ್ಚಿಂತೆಯೇ?’
— ಸಿಂಧನೂರು ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಪೂರ್ಣ ಹೆಸರು ಬರೆಯದೆ ಒಂದೇ ಸಂಚಿಕೆಯಲ್ಲಿ ಎರಡು ಇಸಿಗಳನ್ನು ಅಚ್ಚು ಹಾಕಿದ್ದು ನಮ್ಮ ಆಲಸ್ಯ. ಚುನಾವಣಾ ಆಯೋಗಕ್ಕೆ ‘ಆಯೋಗ’ ಎಂಬ ಒಳ್ಳೆಯ ಕನ್ನಡ ಪದವೇ ಇರುವಾಗ ಎರಡಕ್ಷರದ ಮೊರೆ ಹೋಗುವ ಅಗತ್ಯವೂ ಇರಲಿಲ್ಲ.

ನಂಟಿನ ಪ್ರಶ್ನೆಗೆ ಉತ್ತರ: ಇಲ್ಲ. ಬೇರೆ ಬೇರೆ ಇಂಗ್ಲಿಷ್ ಪದಗಳ ತಲೆಯಕ್ಷರಗಳು ಕಾಕತಾಳೀಯವಾಗಿ ಒಂದಾಗಿವೆ, ಅಷ್ಟೆ. ಗುರುತು ಹಿಡಿಯಲು ಇಸಿಯ ಪಕ್ಕದಲ್ಲಿ ಏನಿದೆ ಎಂದು ನೋಡಿ. ಔಷಧಿಯ ಹೆಸರು, ಶೇಕಡಾ ಅಂಕಿ ಇದ್ದರೆ ಅದು ಬಾಟಲಿಯ ಇಸಿ. ‘ಡೆಸಿಸೀಮನ್ಸ್’ ಅಥವಾ ‘ಮಿಲಿಮೋ’ ಇದ್ದರೆ ಮಣ್ಣಿನದು, ನೀರಿನದು. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ’ ಎಂದಿದ್ದರೆ ಉಪನೋಂದಣಿ ಕಚೇರಿಯದು.

ಬಾಟಲಿಯ ಇಸಿ ಎಂದರೆ ಎಮಲ್ಸಿಫೈಯಬಲ್ ಕಾನ್ಸನ್‌ಟ್ರೇಟ್. ಕೀಟನಾಶಕವನ್ನು ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿ, ನೀರಿನೊಂದಿಗೆ ಬೆರೆಯಲೆಂದು ಎಮಲ್ಸಿಫೈಯರ್ ಸೇರಿಸಿರುತ್ತಾರೆ. ನೀರಿಗೆ ಸುರಿದೊಡನೆ ಹಾಲಿನಂತೆ ಬೆಳ್ಳಗಾಗುವುದು ಇದೇ ಕಾರಣಕ್ಕೆ. ಹಾಗಾಗದೆ ಮೇಲೆ ಎಣ್ಣೆಪದರ ನಿಂತರೆ, ಹಾಲು ಒಡೆದಂತೆ ಕಂಡರೆ, ಮಾಲು ಹಳೆಯದು ಇಲ್ಲವೇ ನೀರು ಬಹಳ ಗಡಸು. ಅಂಥದ್ದನ್ನು ಸಿಂಪಡಿಸಿದರೆ ಒಂದು ಗಿಡಕ್ಕೆ ಬರೀ ನೀರು, ಪಕ್ಕದ ಗಿಡಕ್ಕೆ ಎಲೆ ಸುಡುವಷ್ಟು ವಿಷ. ದ್ರಾವಕ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಚರ್ಮದೊಳಕ್ಕೂ ಇಳಿಯುತ್ತದೆ. ಆದ್ದರಿಂದ ಕೈಗವಸು ಬೇಕೇ ಬೇಕು, ಬೀಡಿ ದೂರ ಇರಲಿ.

ಇಲ್ಲಿ ಆಗುವ ದೊಡ್ಡ ಎಡವಟ್ಟು ಅಂಕಿಯದು. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದಲ್ಲಿ 20 ಇಸಿಯೂ (ಶೇಕಡಾ 20 ವಿಷ) ಇದೆ, 50 ಇಸಿಯೂ ಇದೆ. ‘ಲೀಟರಿಗೆ 2 ಮಿ.ಲೀ.’ ಎಂದು ಬಾಯಿಪಾಠ ಮಾಡಿಕೊಂಡವರು 50 ಇಸಿ ಬಾಟಲಿಯಿಂದಲೂ ಅಷ್ಟೇ ಸುರಿದರೆ ವಿಷ ಎರಡೂವರೆ ಪಟ್ಟಾಗುತ್ತದೆ. 20 ಇಸಿಯನ್ನು 16 ಲೀಟರ್ ಟ್ಯಾಂಕಿಗೆ 32 ಮಿ.ಲೀ. ಹಾಕುವ ಕಡೆ, 50 ಇಸಿಯಾದರೆ 13 ಮಿ.ಲೀ. ಹತ್ತಿರ ಸಾಕು. ಆದರೂ ನಿಮ್ಮ ಬೆಳೆಗೆ ಆ ಬಾಟಲಿಯ ಲೇಬಲ್ ಹೇಳುವ ಪ್ರಮಾಣವೇ ಅಂತಿಮ.

ಲೇಬಲ್ಲಿನ ಉಳಿದ ಅಕ್ಷರಗಳೂ ಕಡಿಮೆ ತರಲೆಯವಲ್ಲ. ‘ಡಬ್ಲ್ಯುಪಿ’ ನೀರಿನಲ್ಲಿ ಕದಡುವ ಪುಡಿ. ಹೈಕೋರ್ಟಿನಲ್ಲಿ ಅದು ರಿಟ್ ಅರ್ಜಿ. ‘ಎಸ್‌ಪಿ’ ನೀರಿನಲ್ಲಿ ಕರಗುವ ಪುಡಿ. ಜಿಲ್ಲೆಯಲ್ಲಿ ಪೊಲೀಸ್ ಸಾಹೇಬರು. ಹಲವು ಔಷಧಿ ಬೆರೆಸಲೇಬೇಕಾದರೆ ಮೊದಲು ಡಬ್ಲ್ಯುಪಿ, ಆಮೇಲೆ ಎಸ್‌ಸಿ ಎಂಬ ಗಟ್ಟಿ ದ್ರವ, ನಂತರ ಇಸಿ, ಕೊನೆಗೆ ಎಸ್‌ಎಲ್ ಎಂಬ ನೀರಿನಲ್ಲಿ ಕರಗುವ ದ್ರವ. ಇಸಿ ಮೊದಲು ಬಿದ್ದರೆ ಪುಡಿಗೆ ಎಣ್ಣೆ ಮೆತ್ತಿಕೊಂಡು ಗಂಟಾಗುತ್ತದೆ, ನಾಜಲ್ ಕಟ್ಟುತ್ತದೆ. ಅದೇ ಲೆಕ್ಕದಲ್ಲಿ ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಬೆರೆಸಿ ಅರ್ಧ ಗಂಟೆ ಇಟ್ಟು ನೋಡಿದರೆ ಟ್ಯಾಂಕು ಹಾಳಾಗುವುದು ತಪ್ಪುತ್ತದೆ. ಮೈಲುತುತ್ತ-ಸುಣ್ಣದ ಬೋರ್ಡೊ ದ್ರಾವಣದೊಂದಿಗೆ ಮಾತ್ರ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಇಸಿಗಳನ್ನು ಬೆರೆಸಬೇಡಿ. ಸುಣ್ಣದ ಕ್ಷಾರಕ್ಕೆ ಅವು ವಿಘಟನೆಯಾಗಿ ಕಾಸು ದಂಡ.

ಇನ್ನು ಚೀಟಿಯ ಇಸಿ: ಎಲೆಕ್ಟ್ರಿಕಲ್ ಕಂಡಕ್ಟಿವಿಟಿ, ವಿದ್ಯುತ್ ವಾಹಕತೆ. ಮಣ್ಣಿನಲ್ಲಿ ಕರಗುವ ಉಪ್ಪು ಹೆಚ್ಚಿದಷ್ಟೂ ಅದರ ನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ಹಾಗಾಗಿ ಇದು ಉಪ್ಪಿನ ಅಳತೆ. ಅಂಕಿ ಡೆಸಿಸೀಮನ್ಸ್/ಮೀಟರಿನಲ್ಲಿರುತ್ತದೆ. ಹಳೆಯ ‘ಮಿಲಿಮೋ/ಸೆಂ.ಮೀ.’ ಕೂಡ ಅದೇ. ಕೈಯಲ್ಲಿ ಹಿಡಿಯುವ ಮೀಟರುಗಳು ಮೈಕ್ರೋಸೀಮನ್ಸ್/ಸೆಂ.ಮೀ. ತೋರಿಸುವುದುಂಟು. ಆಗ ನಿಮ್ಮ 2.6 ಎಂಬುದು 2600 ಆಗಿ ಕಾಣುತ್ತದೆ.

2.6 ಸಣ್ಣ ಅಂಕಿಯಲ್ಲ. ನಮ್ಮ ಪ್ರಯೋಗಾಲಯಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತವೆ. ಆ ಅಳತೆಯಲ್ಲಿ 1ರ ಒಳಗಿದ್ದರೆ ಸರಿ, ದಾಟಿದರೆ ಮೊಳಕೆಗೆ ತೊಂದರೆ ಶುರು, 2 ದಾಟಿದರೆ ಉಪ್ಪು ತಾಳದ ಬೆಳೆಗಳು ಕುಗ್ಗುತ್ತವೆ. ಬೆಳೆಗಳ ತಾಳಿಕೆಯ ಪಟ್ಟಿಗಳು ಮಾತ್ರ ಬೇರೆ ಅಳತೆಯವು. ಮಣ್ಣನ್ನು ನೀರಿನಿಂದ ಕೆಸರು ಮಾಡಿ ಹಿಂಡಿ ತೆಗೆದ ರಸದ ಅಂಕಿ ಅವುಗಳಲ್ಲಿರುತ್ತದೆ. ಅದರಲ್ಲಿ ಹುರುಳಿಕಾಯಿ 1ಕ್ಕೇ ಸೋಲುತ್ತದೆ, ಈರುಳ್ಳಿ 1.2ಕ್ಕೆ, ಭತ್ತ 3ಕ್ಕೆ, ಹತ್ತಿ 7.7ರವರೆಗೂ ತಡೆಯುತ್ತದೆ. ನೀರು ಕಡಿಮೆ ಬೆರೆಸುವುದರಿಂದ ಈ ಅಂಕಿ ಚೀಟಿಯದಕ್ಕಿಂತ ಮೇಲೇ ಇರುತ್ತದೆ. ಹೀಗಾಗಿ ‘ಭತ್ತ 3ರ ತನಕ ತಡೆಯುತ್ತದಲ್ಲ, ನಮ್ಮದು 2.6 ತಾನೇ’ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಮಾದರಿ ಸರಿಯಾಗಿ ತೆಗೆದಿದ್ದಿರೋ ನೋಡಿಕೊಳ್ಳಿ. ಬದುವಿನ ಪಕ್ಕ, ತಿಪ್ಪೆಯ ಜಾಗ, ಹೊಸದಾಗಿ ಗೊಬ್ಬರ ಹಾಕಿದ ಸಾಲು, ಬೇಸಿಗೆಯಲ್ಲಿ ಮೇಲೆದ್ದ ಬಿಳಿ ಹೊಪ್ಪಳಿಕೆ, ಇವು ಸೇರಿದರೆ ಅಂಕಿ ಸುಳ್ಳಾಗುತ್ತದೆ. ಹೊಲದ ಹಲವು ಕಡೆ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳ ಅಗೆದು, ಪಕ್ಕದ ಪದರ ಕೆರೆದು, ಎಲ್ಲ ಬೆರೆಸಿ, ಅರ್ಧ ಕಿಲೋ ಉಳಿಸಿ ಕೊಡಬೇಕು.

ಜಿಪ್ಸಂ? ಇಸಿಯೊಂದನ್ನೇ ನೋಡಿ ಹಾಕಬೇಡಿ. ಜಿಪ್ಸಮ್ಮೂ ಒಂದು ಲವಣವೇ. ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸುವುದು ಅದರ ಕೆಲಸ, ಕರಗಿದ ಉಪ್ಪನ್ನು ಕಳೆಯುವುದಲ್ಲ. ಚೀಟಿಯಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) ನೋಡಿ. 8.5ಕ್ಕಿಂತ ಕೆಳಗಿದ್ದು ಇಸಿ ಮಾತ್ರ ಹೆಚ್ಚಿದ್ದರೆ ಅದು ಸವಳು. ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಕೆಳಗಿಳಿಸಿ ಬಸಿಗಾಲುವೆಗೆ ಹರಿಸುವುದೇ ದಾರಿ. ಬಸಿಗಾಲುವೆ ಇಲ್ಲದೆ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರಿ, ಬಿಸಿಲಿಗೆ ಉಪ್ಪು ಮತ್ತೆ ಮೇಲಕ್ಕೆ ಬರುತ್ತದೆ. ತುಂಗಭದ್ರಾ ಕಾಲುವೆಯ ಕೆಳಗಿನ ಎರೆ ಹೊಲಗಳ ಸವಳು-ಜವಳಿನ ಕಥೆಯೇ ಇದು. ಪಿಎಚ್ 8.5 ದಾಟಿದ್ದರೆ ಎಷ್ಟು ಜಿಪ್ಸಂ ಬೇಕೆಂದು ಬೇರೆ ಪರೀಕ್ಷೆ ಮಾಡಿಸಿ. ಈ ಮಣ್ಣುಗಳ ಮೇಲೆ ಕೆಲಸ ಮಾಡುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವನ್ನು ಕೇಳಬಹುದು.

ಇಸಿಯ ಕೆಳಗೇ ಚೀಟಿಯಲ್ಲಿ ‘ಓಸಿ’ ಇರುತ್ತದೆ. ಅದು ಸಾವಯವ ಇಂಗಾಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರ ಓಸಿ ವಾಸಯೋಗ್ಯ ಪ್ರಮಾಣಪತ್ರ. ಅಪರಾಧ ಸುದ್ದಿಯ ಓಸಿ ಯಾವುದೆಂದು ಮಟ್ಕಾ ಬಲ್ಲವರಿಗೆ ಗೊತ್ತು.

ಬ್ಯಾಂಕು ಕೇಳಿದ್ದು ಎನ್‌ಕಂಬರೆನ್ಸ್ ಸರ್ಟಿಫಿಕೇಟ್, ಋಣಭಾರ ಪತ್ರ. ಕೇಳಿದ ಅವಧಿಯಲ್ಲಿ ಆ ಸ್ವತ್ತಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನ, ವಿಭಾಗ, ದಾನಗಳ ಪಟ್ಟಿ ಅದು. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. 2004ಕ್ಕಿಂತ ಹಿಂದಿನದಕ್ಕೆ ಸಾಮಾನ್ಯವಾಗಿ ಕಚೇರಿಯ ಸೂಚಿ ಪುಸ್ತಕಗಳನ್ನೇ ಹುಡುಕಿಸಬೇಕು. ಎಷ್ಟು ವರ್ಷದ್ದು ಬೇಕೆಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ, ಇಲ್ಲವಾದರೆ ಶುಲ್ಕ ಎರಡು ಸಲ.

ನಿಮ್ಮ ನಮೂನೆ 16ರ ಬಗ್ಗೆ ಹೇಳುವುದಾದರೆ, ಕೂಡಲೇ ನಿಶ್ಚಿಂತರಾಗಬೇಡಿ. ಹುಡುಕಿದ ಸರ್ವೆ ನಂಬರಿಗೆ ಏನೂ ಸಿಗಲಿಲ್ಲ ಎಂಬುದಷ್ಟೇ ಅದರ ಮಾತು. ಪೋಡಿಯಾಗಿ, ಅಂದರೆ ಸರ್ವೆ ನಂಬರು ಭಾಗವಾಗಿ, 45 ಎಂಬುದು 45/2 ಆಗಿದ್ದರೆ, ಹಳೆಯ ಅಡಮಾನ 45ರ ಹೆಸರಿನಲ್ಲೇ ಕುಳಿತಿರಬಹುದು. ಎರಡೂ ನಂಬರಿನಲ್ಲಿ ಹುಡುಕಿಸಿ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ನ್ಯಾಯಾಲಯದ ದಾವೆ ಇದರಲ್ಲಿ ಕಾಣುವುದಿಲ್ಲ. ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ನಿರ್ಬಂಧವೂ ಕಾಣದು. ಬೆಳೆಸಾಲದ ಬೋಜಾ ಇದೆಯೇ ಎಂದು ತಿಳಿಯಲು ಪಹಣಿಯ 11ನೇ ಕಾಲಂ ನೋಡಿ. ಪಹಣಿಗೆ ‘ಆರ್‌ಟಿಸಿ’ ಎಂಬ ಹೆಸರೂ ಉಂಟು, ಬಸ್ಸಿನ ನಿಗಮಕ್ಕೂ ಅದೇ. ಮಗನನ್ನು ಕಳಿಸುವಾಗ ‘ಪಹಣಿ’ ಎಂದೇ ಹೇಳಿ ಕಳಿಸಿ.