ಕ್ಯಾನ್ವಾಸ್ ಮೇಲೆ ಟೇಪ್ ಅಂಟಿಸಿ ಆಕಾರ ಬಿಡಿಸಿದರೆ ಅಂಚಿನಲ್ಲಿ ಬಣ್ಣ ಸೋರುತ್ತದೆ, ಏನು ಮಾಡಲಿ?

ಕ್ಯಾನ್ವಾಸ್ ಅಂದರೆ ನೇಯ್ದ ಬಟ್ಟೆ. ಎಳೆಗಳ ನಡುವಿನ ತಗ್ಗಿನಲ್ಲಿ ಟೇಪ್ ಪೂರ್ತಿ ಕೂರುವುದಿಲ್ಲ, ಬಣ್ಣ ಆ ಸಂದಿಯಲ್ಲಿ ನುಗ್ಗುತ್ತದೆ. ಟೇಪನ್ನು ಎಷ್ಟೇ ಒತ್ತಿದರೂ ಸ್ವಲ್ಪವಾದರೂ ಸೋರುವುದು ಇದಕ್ಕೇ.

ಮೊದಲು ಇಡೀ ಕ್ಯಾನ್ವಾಸಿಗೆ ತಳದ ಬಣ್ಣ ಬಳಿದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಇದಕ್ಕೆ ಜಾಸ್ತಿ ಹೊತ್ತು ಬೇಕು, ಅವಸರ ಬೇಡ. ಪೆನ್ಸಿಲ್, ಸ್ಕೇಲ್ ಹಿಡಿದು ಗೆರೆ ಹಾಕಿ. ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಚಮಚದ ಹಿಂಬದಿಯಿಂದ ಉಜ್ಜಿ. ಇಲ್ಲಿದೆ ಮುಖ್ಯ ಉಪಾಯ: ಟೇಪಿನ ಅಂಚಿಗೆ ಅದೇ ತಳದ ಬಣ್ಣವನ್ನು ಇನ್ನೊಮ್ಮೆ ತೆಳುವಾಗಿ ಹಚ್ಚಿ. ಸೋರುವುದಿದ್ದರೆ ಆ ಬಣ್ಣವೇ ಸೋರಿ ಸಂದಿ ಮುಚ್ಚುತ್ತದೆ. ಕೆಳಗೂ ಅದೇ ಬಣ್ಣ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಟೇಪ್ ಎರಡು ಮೂರು ಬಣ್ಣಗಳ ಮೇಲೆ ಹಾದು ಹೋಗಿದ್ದರೆ ಒಣಗಿದಾಗ ಪಾರದರ್ಶಕವಾಗುವ ಮ್ಯಾಟ್ ಮೀಡಿಯಂ (ಬಣ್ಣ ಬೆರೆಸದ, ಹೊಳಪಿಲ್ಲದ ಅಕ್ರಿಲಿಕ್ ದ್ರವ) ಹಚ್ಚಿ.

ಅದು ಒಣಗಿದ ಮೇಲೆ ಆಕಾರಕ್ಕೆ ಅಕ್ರಿಲಿಕ್ ಬಣ್ಣ ಕೊಡಿ. ನೀರು ಜಾಸ್ತಿ ಬೆರೆಸಬೇಡಿ. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಎಷ್ಟೋ ಮೇಲು. ಕೊನೆಯ ಪದರ ಇನ್ನೂ ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ಪೂರ್ತಿ ಒಣಗಿದರೆ ಬಣ್ಣದ ಪೊರೆಯೂ ಕಿತ್ತು ಬರಬಹುದು. ಅಕ್ಕಪಕ್ಕದ ಆಕಾರಗಳನ್ನು ಒಟ್ಟಿಗೆ ಮಾಡಬೇಡಿ.

ವಿನ್ಯಾಸ ಹೊಳೆಯದಿದ್ದರೆ ಬಣ್ಣದ ಟೇಪುಗಳನ್ನೇ ಸುಮ್ನೆ ಅಂಟಿಸಿ, ದೂರ ನಿಂತು ನೋಡಿ, ಜಾಗ ಬದಲಿಸಿ. ಡಚ್ ಕಲಾವಿದ ಪಿಯೆಟ್ ಮಾಂಡ್ರಿಯನ್ 1940ರ ನಂತರ ನ್ಯೂಯಾರ್ಕಿನಲ್ಲಿ ಬಣ್ಣದ ಕಾಗದದ ಟೇಪುಗಳನ್ನು ಹೀಗೇ ಸರಿಸಿ ಸರಿಸಿ ಚಿತ್ರ ಕಟ್ಟುತ್ತಿದ್ದರು.